ತಪ್ಪು ಕೆನ್ನೆಗೆ ಎಂದೂ ಹೊಡೆಯದ ಇನ್ಸ್‌ಪೆಕ್ಟರರಿಗೆ

ಮಾನ್ಯ ಇನ್ಸ್‌ಪೆಕ್ಟರ್ ಪ್ರಳಯ್‌ಕುಮಾರರೇ,

ತಮಗೆ ವಂದಿಸುವ ಮುನ್ನ, ಈ ಪತ್ರವನ್ನು ನಾನು ಓದುವುದನ್ನು ಕೇಳಲೆಂದು ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿರುವ ಬಂಧುಮಿತ್ರರಿಗೆ ಕೃತಜ್ಞತೆ ಸಲ್ಲಿಸುವುದು ಸಭಾಮರ್ಯಾದೆ. ಮಗಳು ಶಿವಗಂಗಾ ತೀರಿಕೊಂಡ ಈ ಒಂದು ವರ್ಷದಲ್ಲಿ ಅವರು ನಮ್ಮನ್ನು ಮಾತಾಡಿಸಲು ಒಂದು ಸಂಜೆಯೂ ತಪ್ಪದೆ ಬಂದಿದ್ದಾರೆ. ಅದೂ ಸರಿಯಾಗಿ ಏಳೂವರೆಗೆ, ಅಂದರೆ ಟಿ.ವಿ.ಯಲ್ಲಿ ತಮ್ಮ ಧಾರಾವಾಹಿ ಶುರುವಾಗುವ ಹೊತ್ತಿಗೆ. ಅವರ ಹಾಜರಿಗೆ ಧನ್ಯವಾದಗಳು. ಅವರ ಅನುಕಂಪವನ್ನು ಮಾತ್ರ ಹೊರಗೆ ಚಪ್ಪಲಿಗಳ ಪಕ್ಕದಲ್ಲೇ ಬಿಡಬೇಕೆಂದು ಕೋರುತ್ತೇನೆ. ಕಾರಣವನ್ನು ಮುಂದೆ ನಿವೇದಿಸುತ್ತೇನೆ.

ತಮ್ಮ ಕರ್ತವ್ಯನಿಷ್ಠೆಗೆ ನಾನು ಬೆರಗಾಗಿದ್ದೇನೆ. ಇನ್ನೂರ ಹನ್ನೆರಡು ಕಂತುಗಳಲ್ಲಿ ತಮ್ಮ ಪೆಟ್ಟು ಒಮ್ಮೆಯೂ ತಪ್ಪು ಕೆನ್ನೆಗೆ ಬಿದ್ದಿಲ್ಲ. ಕೊಲೆಯನ್ನು ನಮಗೆ ಮೊದಲೇ ತೋರಿಸಿರುತ್ತಾರಾದ್ದರಿಂದ, ಲಾಕಪ್ಪಿನಲ್ಲಿ ತಾವು ಬೆಲ್ಟು ಬಿಚ್ಚಿದಾಗ ನಮ್ಮ ಪಡಸಾಲೆ ನಿಶ್ಚಿಂತೆಯಿಂದ ಚಪ್ಪಾಳೆ ತಟ್ಟುತ್ತದೆ. ಕಾನೂನು ಮುರಿದು ನ್ಯಾಯ ಕೊಡಬಹುದೇ ಎಂಬ ವಿಷಯದ ಮೇಲೆ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಒಂದು ವರ್ಷ ಪರವಾಗಿಯೂ ಮರುವರ್ಷ ವಿರೋಧವಾಗಿಯೂ ಮಾತಾಡಿ ಎರಡೂ ಸಲ ಢಾಲು ಗೆದ್ದವನು ನಾನು; ತಾವು ಆ ಪ್ರಶ್ನೆಯನ್ನು ಎರಡನೇ ಜಾಹೀರಾತಿಗೆ ಮುಂಚೆಯೇ ಮುಗಿಸುತ್ತೀರಿ. ಕೊಲೆಗಾರ ಯಾರೆಂದು ಕತೆ ಬರೆದವನಿಗೆ ಗೊತ್ತು, ಹೀಗಾಗಿ ತಮಗೂ ಗೊತ್ತು.

ನಮ್ಮ ಪ್ರಕರಣಕ್ಕೆ ಬರೆದವರು ಯಾರೂ ಸಿಕ್ಕಿಲ್ಲ. ಬಳಗಾನೂರಿನಲ್ಲಿ ಶಾಲೆ ಮುಗಿಸಿ ಬಂದ ನಮ್ಮ ಶಿಕ್ಷಕಿ ಮಗಳು ಸಂಜೆ ಐದಕ್ಕೆ ಬಸ್ಸಿಳಿದು, ರಸ್ತೆಯ ಈಚೆ ನಿಂತಿದ್ದ ನನ್ನ ಕಡೆಗೆ ದಾಟುವಾಗ ಭತ್ತದ ಲಾರಿಯೊಂದು ಅವಳನ್ನು ಕೆಡವಿ ನಿಲ್ಲದೆ ಹೋಯಿತು. ಎದುರು ಬಿಸಿಲಿಗೆ ಲಾರಿಯ ಗಾಜು ತಗಡಿನಂತೆ ಹೊಳೆಯುತ್ತಿತ್ತು. ಲಾರಿ ಸಿಕ್ಕಿತು; ಅದಕ್ಕೆ ಚಾಲಕರು ಇಬ್ಬರು, ಮಾನಪ್ಪ ಮತ್ತು ನಿಂಗರಾಜ. ನಡೆಸುತ್ತಿದ್ದವನು ನಾನಲ್ಲ, ಅವನು ಎಂದು ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಪಡಸಾಲೆಯ ತಮ್ಮ ಶಿಷ್ಯವೃಂದಕ್ಕೆ ಮಾತ್ರ ಅನುಮಾನವಿಲ್ಲ: ಮಾನಪ್ಪನಿಗೆ ದಪ್ಪ ಮೀಸೆ, ಕೆಂಗಣ್ಣು, ಹುಬ್ಬಿನ ಮೇಲೆ ಹಳೆಯ ಗಾಯ, ನಿಂಗರಾಜನೋ ಠಾಣೆಯ ಮುಂದೆ ಗೊಳೋ ಎಂದು ಅತ್ತವನು. ಪಕ್ಕದ ಮನೆಯ ಶಿವಶರಣಪ್ಪನವರು ತೀರ್ಪಿತ್ತರು: “ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನ್ರೀ? ನೀವು ‘ಇವನ ಇದ್ದ’ ಅಂದ್ರ ಸಾಕು, ಕೇಸು ಅಲ್ಲಿಗೇ ಮುಗೀತು.” ಗಾಜಿನಾಚೆ ನನಗೇನೂ ಕಾಣಲಿಲ್ಲವೆಂದರೆ, ಎದುರು ಮನೆಯ ಹೊನ್ನೂರಮ್ಮನವರು ನೂರ ನಾಲ್ಕನೆಯ ಕಂತನ್ನು ಉದಾಹರಿಸಿ, ಆಘಾತದಲ್ಲಿ ಮರೆತದ್ದು ನಿಧಾನಕ್ಕೆ ನೆನಪಾಗುತ್ತದೆಂದು ಧೈರ್ಯ ತುಂಬಿದರು.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ತಮ್ಮ ಹಿನ್ನೆಲೆ ಸಂಗೀತದವರನ್ನು ಒಂದು ವಾರ ನಮ್ಮ ಬಸ್ ನಿಲ್ದಾಣದಲ್ಲಿ ಕೂರಿಸಿ, ತಪ್ಪಿತಸ್ಥ ಹಾದುಹೋದಾಗ ಲಿಂಗಸುಗೂರಿನವರೆಗೂ ಕೇಳಿಸುವಂತೆ ಬಾರಿಸಲು ಹೇಳಬೇಕು. ಎಲ್ಲವನ್ನೂ ಕಾಣುವ ತಮ್ಮ ಕ್ಯಾಮರಾವನ್ನು ಒಂದು ವರ್ಷ ಹಿಂದಕ್ಕೆ ಕಳಿಸಿ ಆ ಲಾರಿಯೊಳಗೆ ಇಡಿಸಬೇಕು. ಇವೆರಡೂ ಆಗದಿದ್ದರೆ, ನಿರಪರಾಧಿಗಳೆಲ್ಲ ಕೂಡಲೇ ಮೀಸೆ ತೆಗೆಸತಕ್ಕದ್ದೆಂದು ಆದೇಶವನ್ನಾದರೂ ಹೊರಡಿಸಬೇಕು.

ತಮ್ಮ ತರಬೇತಿ ವ್ಯರ್ಥವಾಗಿಲ್ಲವೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಹೋದ ತಿಂಗಳಿಂದ ನನಗೆ ಮಾನಪ್ಪನ ಮುಖ ನೆನಪಾಗತೊಡಗಿದೆ. ಗಾಜಿನ ಹಿಂದೆ, ನಿಧಾನಗತಿಯಲ್ಲಿ, ಮೀಸೆ ಸಹಿತ ಕಾಣುತ್ತಾನೆ. ಪ್ರಮಾಣ ಮಾಡಿ ಹೇಳಬಲ್ಲೆ ಅನ್ನುವಷ್ಟು ಸ್ಪಷ್ಟ. ಆದರೆ ಅದೇ ನೆನಪಿನಲ್ಲಿ, ರಸ್ತೆಬದಿಯಲ್ಲಿ ಕೈಯೆತ್ತಿ ನಿಂತ ಬಿಳಿ ಅಂಗಿಯ ಮುದುಕನೊಬ್ಬನೂ ಕಾಣುತ್ತಾನೆ. ಅವನು ನಾನು. ನನ್ನನ್ನು ನಾನೇ ರಸ್ತೆಯಾಚೆಯಿಂದ ನೋಡಿರಲು ಹೇಗೆ ಸಾಧ್ಯ ಸ್ವಾಮೀ? ಹಾಗೆ ನೋಡುವುದು ತಮ್ಮ ಧಾರಾವಾಹಿ.

ಇದನ್ನು ನನ್ನ ಮಡದಿ ವೀರಭದ್ರಮ್ಮನಿಗೆ ವಿವರಿಸಿದೆ. ಅವಳು ಅಕ್ಕಿ ಆರಿಸುತ್ತ, ತಲೆ ಎತ್ತದೆ ಹೇಳಿದಳು: “ಯಾವ ಕಡಿ ಕೊಟ್ರೂ ಮಾತಾಡಿ ಢಾಲು ತಂದವರು ನೀವು. ಮಗಳ ಕಡಿ ಒಮ್ಮೆ ಮಾತಾಡಾಕ ಯಾಕ ಇಷ್ಟು ತಡಾ ಮಾಡಾಕತ್ತೀರಿ?” ನಾನು ಬೆರಳು ತೋರಿಸದಿದ್ದರೆ ಇಬ್ಬರೂ ಬಿಡುಗಡೆಯಾಗಬಹುದು, ಮತ್ತು ಅವರಲ್ಲೊಬ್ಬ ನನ್ನ ಮಗಳನ್ನು ಕೊಂದವನು. ತೋರಿಸಿದರೆ, ಅವಳ ಹೆಸರಿನಲ್ಲಿ ಜೈಲಿಗೆ ಹೋಗುವವನು ಆ ಇನ್ನೊಬ್ಬನೇ ಆಗಿರಬಹುದು. ಪಡಸಾಲೆಯ ಅನುಕಂಪ ನನ್ನ ಕಣ್ಣೊರೆಸುವ ನೆಪದಲ್ಲಿ ನಾನು ಕಾಣದ್ದನ್ನು ಕಣ್ಣಿಗೆ ಬರೆಯುತ್ತಿದೆ. ಅದಕ್ಕೇ ಅದು ಬೇಡವೆಂದೆ.

ಇನ್ನೂರ ಹನ್ನೆರಡು ಕಂತುಗಳನ್ನು ನಿರ್ವಾಹವಿಲ್ಲದೆ ನೋಡಿದ,
ತಮ್ಮ ವಿಶ್ವಾಸಿ,
ಅಮರಗುಂಡಪ್ಪ, ಮಸ್ಕಿ

ವಿ.ಸೂ.: ಬರುವ ಸೋಮವಾರ ತಾವು ಸಿಂಧನೂರಿನ ನ್ಯಾಯಾಲಯಕ್ಕೆ ಬಿಡುವು ಮಾಡಿಕೊಂಡು ಬಂದರೆ, ಯಾರೂ ಗದರಿಸದೆಯೇ ಸಾಕ್ಷಿಯೊಬ್ಬ ಇದ್ದದ್ದನ್ನು ಇದ್ದಂತೆ ಹೇಳುವ ಅಪರೂಪದ ದೃಶ್ಯವನ್ನು ನೋಡಬಹುದು. ಲಾರಿಯನ್ನು ನೋಡಿದೆ, ಮಗಳು ಬಿದ್ದದ್ದನ್ನು ನೋಡಿದೆ, ನಡೆಸುತ್ತಿದ್ದವನನ್ನು ನೋಡಲಿಲ್ಲ ಎಂದು ಹೇಳಲಿದ್ದೇನೆ. ಯಾರನ್ನೂ ಕೇಳದೆ ಮಾಡಿದ ತೀರ್ಮಾನವಿದು; ವೀರಭದ್ರಮ್ಮನೂ ಇದನ್ನು ಈಗಷ್ಟೇ, ಎಲ್ಲರ ಜೊತೆ ಕುಳಿತು ಕೇಳುತ್ತಿದ್ದಾಳೆ.