ಹರಿಹರದ ಬ್ರಾಂಚು, ಮದುವೆಮನೆಯ ಚಟ್ನಿಪುಡಿ

ನನ್ನ ಶೇಂಗಾ ಚಟ್ನಿಪುಡಿ ಕಂಪ್ಯೂಟರಿನಲ್ಲಿದೆ. ಸರಸ್ವತಿ ನಗರದಲ್ಲಿ ಇನ್ಯಾರ ಚಟ್ನಿಪುಡಿಗೂ ಆ ಯೋಗ ಬಂದಿಲ್ಲ. ನಾನು ಕಲಿತದ್ದು ಮೂರನೇ ಕ್ಲಾಸು, ಅದೂ ಅರ್ಧ!

ಸೊಸೆ ಶಿಲ್ಪಾ ಮನೆಯಲ್ಲೇ ಕುಳಿತು ಸಾಫ್ಟ್‌ವೇರ್ ಕೆಲಸ ಮಾಡುತ್ತಾಳೆ. ಬರೆದದ್ದನ್ನೆಲ್ಲ ಜೋಪಾನ ಮಾಡಲು ಅವರಲ್ಲೊಂದು ವ್ಯವಸ್ಥೆ ಇದೆ. ನನ್ನ ಚಟ್ನಿಪುಡಿಯನ್ನೂ ಅಂಥದ್ದರಲ್ಲೇ ಇಟ್ಟಳು. ಎಲ್ಲರೂ ನೋಡುವ ಅಸಲಿಗೆ ಮೇನ್ ಎನ್ನುತ್ತಾರೆ. ಅಸಲು ಕೆಡಿಸದೆ ಬೇರೆ ಥರ ಮಾಡಬೇಕಾದರೆ ಅದರದೊಂದು ನಕಲು ಪಕ್ಕಕ್ಕಿಟ್ಟುಕೊಂಡು ತಿದ್ದಬೇಕು. ಅದು ಬ್ರಾಂಚ್. ನಮ್ಮ ಮಹಿಳಾ ಸಂಘದ ನಾಲ್ಕು ಹೆಂಗಸರು ಮೊಬೈಲಿನಲ್ಲಿ ಮೇನ್ ನೋಡಿ ಮಾರಾಟಕ್ಕೆ ಪುಡಿ ಮಾಡುತ್ತಾರೆ.

ಹರಿಹರದಲ್ಲಿ ನನ್ನ ಮಗಳ ಅತ್ತೆಗೆ ಡಾಕ್ಟರು ಖಾರ, ಉಪ್ಪು ಕಡಿಮೆ ಮಾಡಲು ಹೇಳಿದರು. ಬೀಗಿತ್ತಿಗೊಂದು ಬ್ರಾಂಚ್ ಬೇಕಾಯಿತು. ಸಂಜೆ ಮಾಡಿಕೊಡುತ್ತೇನೆ ಎಂದಳು ಶಿಲ್ಪಾ. ಅಷ್ಟಕ್ಕೆ ಸಂಜೆಯವರೆಗೆ ಕಾಯುವವಳೇ ನಾನು? ಗುಂಡಿ ಒತ್ತಿದೆ. ‘ಹರಿಹರ’ ಎಂದು ಹೆಸರಿಟ್ಟೆ. ಬ್ರಾಂಚ್ ಹುಟ್ಟಿತು. ಕಿಲೋ ಶೇಂಗಾಕ್ಕೆ ಎರಡು ಬೊಗಸೆ ಇದ್ದ ಬ್ಯಾಡಗಿ ಮೆಣಸಿನಕಾಯಿಯನ್ನು ನಾಲ್ಕೇ ನಾಲ್ಕು ಕಾಯಿಗೆ ಇಳಿಸಿದೆ. ಉಪ್ಪು ಚಿಟಿಕೆ ಮಾಡಿದೆ. ಹರಿಹರದ ಬ್ರಾಂಚ್ ನೋಡಿ ಪುಡಿ ಮಾಡು ಎಂದು ಮಗಳಿಗೆ ಫೋನಿನಲ್ಲಿ ಅಪ್ಪಣೆಯನ್ನೂ ಕೊಟ್ಟೆ.

ಮರುದಿನ ಸಂಜೆಯೊಳಗೆ ಎಸ್.ಎಸ್. ಬಡಾವಣೆಯ ಮದುವೆಮನೆಗೆ ಇಪ್ಪತ್ತು ಕಿಲೋ ಮುಟ್ಟಿಸಬೇಕಿತ್ತು. ನಮ್ಮ ಸಂಘಕ್ಕೆ ಅಷ್ಟು ದೊಡ್ಡ ಆರ್ಡರ್ ಅದೇ ಮೊದಲು. ಬೆಳಿಗ್ಗೆ ಸಂಘದ ರೇಣುಕಾ ಫೋನ್ ಮಾಡಿ, ನಾಲ್ಕೇ ಮೆಣಸಿನಕಾಯಿ ಸಾಕೇ ಎಂದು ಕೇಳಿದಳು. ನನಗೆ ಸಿಟ್ಟು ಬಂತು.

“ಬರ್ದಂಗೆ ಮಾಡು. ಬರ್ದೋಳಿಗಿಂತ ನೀನು ಶಾಣ್ಯಾಳೇನು?”

ಅವಳು ಬರೆದ ಹಾಗೆಯೇ ಮಾಡಿದಳು. ನಾಲ್ವರೂ ಮಾಡಿದರು.

ಮಧ್ಯಾಹ್ನ ರೇಣುಕಾ ಬಟ್ಟಲಲ್ಲಿ ಪುಡಿ ತಂದು ಮುಂದಿಟ್ಟಳು. ಬಾಯಿಗೆ ಹಾಕಿದೆ. ಬಾಣಂತಿಗೂ ಇಷ್ಟು ಸಪ್ಪೆ ಯಾರೂ ಕೊಡುವುದಿಲ್ಲ. ಅಷ್ಟರಲ್ಲಿ ಹರಿಹರದಿಂದ ಮಗಳ ಫೋನು.

“ಅವ್ವಾ, ಇದೇನ್ ಪಥ್ಯ? ಅತ್ತೆ ಒಂದ್ ತುತ್ತಿಗೆ ಮೂರು ಚೊಂಬು ನೀರು ಕುಡುದ್ರು. ಆದ್ರೂ ಬಟ್ಲು ಬಿಡವಲ್ರು.”

ಮದುವೆಮನೆಗೆ ಪಥ್ಯ, ಪಥ್ಯದವರಿಗೆ ಬೆಂಕಿ! ಸರಿಮಾಡಲು ಹೋಗಿ ಇನ್ನೆರಡು ಬ್ರಾಂಚ್ ಹಡೆದೆ. ಕೊನೆಗೆ ಮೀಟಿಂಗಿನಲ್ಲಿದ್ದ ಶಿಲ್ಪಾಳನ್ನು ಎಬ್ಬಿಸಿ ಕರೆತಂದೆ. ಅವಳು ಒಂದೇ ನೋಟಕ್ಕೆ ಹಿಡಿದಳು.

“ಅತ್ತೆ, ಬ್ರಾಂಚ್ ಏನೋ ಮಾಡೀರಿ, ಅದರೊಳಗ ಹೋಗೇ ಇಲ್ರಿ. ಮೇನ್‌ನಾಗೇ ನಿಂತು ತಿದ್ದೀರಿ.”

ಅಂದರೆ ಹೊಸ ಒಲೆ ಹಚ್ಚಿ, ಪಾತ್ರೆಯನ್ನು ಹಳೆ ಒಲೆಯ ಮೇಲೇ ಇಟ್ಟಿದ್ದೆ. ನನ್ನ ಅಸಲು ಖಾರ ಹರಿಹರದ ಬ್ರಾಂಚಿನಲ್ಲಿ ಭದ್ರವಾಗಿ ಕುಳಿತಿತ್ತು. ಅದನ್ನು ನೋಡಿಕೊಂಡು ಮೆಣಸಿನಕಾಯಿ ಹುರಿದು, ಉಪ್ಪು ಸೇರಿಸಿ ಪುಡಿ ಮಾಡಿ, ಇಪ್ಪತ್ತು ಕಿಲೋಗೂ ಬೆರೆಸಿದೆವು. ಐದು ಜನ ಹೆಂಗಸರು ಸೀನಿದ ಸದ್ದಿಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಹೊತ್ತು ಮುಳುಗುವ ಮೊದಲು ಪುಡಿ ಮದುವೆಮನೆ ಸೇರಿತು. ತಿಂದವರು ಹೊಗಳಿದರು. ಹೊಗಳದೆ ಏನು ಮಾಡುತ್ತಾರೆ, ಅಳತೆ ನನ್ನದು.

ಬ್ರಾಂಚ್ ಮಾಡಿದ್ದಕ್ಕೇ ಅಸಲು ಉಳಿಯಿತು ಎಂದು ಸಂಘದಲ್ಲಿ ಹೇಳಿದ್ದೇನೆ. ಬ್ರಾಂಚ್ ಇಲ್ಲದಿದ್ದರೂ ಹಳೆಯದೆಲ್ಲ ಕಂಪ್ಯೂಟರಿನಲ್ಲಿ ಹೇಗೂ ಉಳಿದಿರುತ್ತದಂತೆ, ಶಿಲ್ಪಾ ಹೇಳಿದಳು. ಅದನ್ನು ಸಂಘದಲ್ಲಿ ಹೇಳಿಲ್ಲ.

ಈಗ ಶಿಲ್ಪಾ ಅಸಲನ್ನು ಮೇನ್‌ಗೂ ಪಥ್ಯವನ್ನು ಹರಿಹರದ ಬ್ರಾಂಚಿಗೂ ಸೇರಿಸಿ, ಮೇನ್‌ಗೆ ಬೀಗ ಹಾಕಿದ್ದಾಳೆ. ನನ್ನ ಚಟ್ನಿಪುಡಿಗೆ ನಾನು ಒಂದು ಎಸಳು ಬೆಳ್ಳುಳ್ಳಿ ಹೆಚ್ಚಿಸಬೇಕಾದರೂ ಬ್ರಾಂಚಿನಲ್ಲಿ ತಿದ್ದಿ, ಸೊಸೆಯ ಒಪ್ಪಿಗೆಗೆ ಕಳಿಸಬೇಕು. ನಿನ್ನೆ ಮೇನ್‌ಗೆಂದು ಕಳಿಸಿದ ಬೆಳ್ಳುಳ್ಳಿ ವಾಪಸು ಬಂದಿದೆ. ಕೆಳಗೊಂದು ಸಾಲು ಬರೆದಿದ್ದಾಳೆ:

“ಅತ್ತೆ, ಇದು ಹರಿಹರದ ಬ್ರಾಂಚ್ ರೀ.”