ಪಂಕ್ತಿ ಮುಗಿಯದೆ ಏಳದ ಅತ್ತೆ

...ಅಥವಾ ಆ ಮದುವೆ ನಡೆದದ್ದು ಹಲಸೂರಿನಲ್ಲಲ್ಲ, ಕೆ.ಆರ್. ಪುರದಲ್ಲೋ? ಛತ್ರ ಮರೆತಿದೆ. ಬಡಿಸಿದ್ದು ಪಾಯಸವೋ ಹೋಳಿಗೆಯೋ, ಅದೂ ಅನುಮಾನ. ಆದರೆ ಇಡೀ ಬೆಂಗಳೂರಿನಲ್ಲಿ ಊಟದಿಂದ ಎಲ್ಲರಿಗಿಂತ ಕೊನೆಗೆ ಏಳುವವರು ನನ್ನ ಸೋದರತ್ತೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ! ತಿನ್ನುವುದು ನಾಲ್ಕು ತುತ್ತು, ಕೂರುವುದು ಪಂಕ್ತಿಯ ಕೊನೆಯ ಎಲೆ ಖಾಲಿಯಾಗುವವರೆಗೆ.

"ಅಕ್ಕಾ, ಏಳ್ರೀ, ಮುಂದಿನ ಪಂಕ್ತಿಯವ್ರು ನಿಮ್ ಬೆನ್ನಿಗೇ ನಿಂತವ್ರೆ!" ಎಂದ ಬಡಿಸುವವನು.

"ನಿಂತಿರ್ಲಿ ಬಿಡಪ್ಪಾ. ಆ ಅಜ್ಜಿ ಎಲೇಲಿ ಇನ್ನೂ ಮೊಸರನ್ನ ಇದೆ."

"ಅವ್ರು ನಿಮಗೇನಾಗ್ಬೇಕು?"

"ಒಂದೇ ಪಂಕ್ತಿ!"

ದೊಡ್ಡನೆಕ್ಕುಂದಿಯ ಕಂಪನಿಯೊಂದರಲ್ಲಿ ಅತ್ತೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದರು. ಅಲ್ಲಿಯೂ ಇದೇ ಹಠ. ಹೊಸದಾಗಿ ಸೇರಿದವನೊಬ್ಬನ ಪ್ರೋಗ್ರಾಂ ಮೂರು ಕೆಲಸಗಳನ್ನು ಹಿನ್ನೆಲೆಯಲ್ಲಿ ಶುರುಮಾಡಿ (ಥ್ರೆಡ್ ಎನ್ನುತ್ತಾರೆ), ಅವು ಮುಗಿಯುವ ಮುಂಚೆಯೇ ತಾನು ನಿಂತುಬಿಡುತ್ತಿತ್ತು. ಮೂರು ಫೈಲೂ ಅರ್ಧಂಬರ್ಧ! ಅತ್ತೆ ಈ ಕಥೆ ಹೇಳಿದಾಗಲೆಲ್ಲ ಫೈಲುಗಳು ಹೆಚ್ಚುತ್ತವೆ. ನಾನು ಮೂರಕ್ಕೇ ನಿಲ್ಲಿಸಿದ್ದೇನೆ.

"ಮೇಡಂ, ಮಷೀನ್‌ದೇ ಪ್ರಾಬ್ಲಂ."

"ಮಷೀನ್ ಪಾಪ ಏನ್ ಮಾಡುತ್ತೆ? ಮೂವರನ್ನ ಊಟಕ್ಕೆ ಕೂರಿಸಿ ನೀನೇ ಕೈ ತೊಳೆಯೋಕೆ ಎದ್ದುಬಿಟ್ಟೆ. ಯಜಮಾನ ಎದ್ದ ಅಂತ ಎಲ್ಲರ ಎಲೇನೂ ಎತ್ತಿಬಿಟ್ರು!"

ಒಂದೊಂದು ಕೆಲಸವೂ ಮುಗಿಯುವವರೆಗೆ ಕಾಯುವಂತೆ ಅತ್ತೆ ಕೊನೆಯಲ್ಲಿ ಸಾಲುಗಳನ್ನು ಸೇರಿಸಿಕೊಟ್ಟರು.

"ತುಂಬಾ ಹೊತ್ತಾದ್ರೆ, ಮೇಡಂ?"

"ಕಾಫಿ ತಗೊಂಡ್ ಬಾ."

ಆಮೇಲೆ ಮಾವನಿಗೆ ಲಕ್ವ ಹೊಡೆಯಿತು. ಜೀವನ್ ಬಿಮಾ ನಗರದ ಮನೆಯಲ್ಲಿ ಕುರ್ಚಿಗೊರಗಿ ಅವರು ಒಂದೊಂದೇ ಪದ ಹುಡುಕಬೇಕಿತ್ತು. ನಾವೋ ಮಹಾ ಉಪಕಾರಿಗಳು! ಅವರು ಬಾಯಿ ತೆರೆದರೆ ಸಾಕು, ಉಳಿದ ಮಾತನ್ನು ನಾವೇ ಊಹಿಸಿ ಮುಗಿಸುತ್ತಿದ್ದೆವು. ಕಿಟಕಿ ಮುಚ್ಚಿ ಎನ್ನಲು ಹೊರಟ ಮನುಷ್ಯ ಚಳಿಗಾಳಿಗೆ ಕೂತು ಬೇಡದ ಕಾಫಿ ಕುಡಿಯುತ್ತಿದ್ದರು. ಬರಬರುತ್ತಾ ಬಾಯಿ ತೆರೆಯುವುದನ್ನೇ ಬಿಡತೊಡಗಿದರು.

ಒಂದು ಮಧ್ಯಾಹ್ನ ಅತ್ತೆಯೂ ನಾನೂ ನಾಮಕರಣವೊಂದಕ್ಕೆ ಹೊರಟಿದ್ದೆವು. ಆಟೊ ಗೇಟಿನ ಮುಂದೆ ನಿಂತಿತ್ತು. ಆಗ ಮಾವ, "ಅವತ್ತು... ರಸೆಲ್ ಮಾರ್ಕೆಟ್‌ನಲ್ಲಿ..." ಎಂದರು.

"ಹಣ್ಣು ತರ್ಬೇಕಾ ಮಾವ?" ಎಂದೆ.

"ಸುಮ್ನಿರೋ. ಅವರ ಎಲೆ ಇನ್ನೂ ಖಾಲಿಯಾಗಿಲ್ಲ." ಅತ್ತೆ ಚಪ್ಪಲಿ ಬಿಟ್ಟು ಬಂದು ಅವರೆದುರು ಕೂತರು.

"ಗುರು, ಬರ್ತಾರಾ ಇಲ್ವಾ?" ಎಂದು ಆಟೊದವನು ಹಾರ್ನ್ ಬಾರಿಸಿದ. ಸಮಾಧಾನ ಮಾಡಲು ಹೊರಗೆ ಹೋದೆ. ಮಾಡಿದೆ, ಮಾಡಿದೆ, ಅವನು ಬೇರೆ ಸವಾರಿ ಹತ್ತಿಸಿಕೊಂಡು ಹೋಗಿಯೇಬಿಟ್ಟ! ಒಳಗೆ ಬಂದರೆ ಇಬ್ಬರೂ ನಗುತ್ತಿದ್ದರು. ಮಾವನ ಕಣ್ಣು ಒದ್ದೆಯಾಗಿತ್ತು, ಅಥವಾ ಅತ್ತೆಯದೋ.

"ಏನಂದ್ರು ಅತ್ತೆ?"

"ಪೂರ್ತಿ ಹೇಳಿದ್ರು ಕಣೋ."

ಅವತ್ತು ರಸೆಲ್ ಮಾರ್ಕೆಟ್‌ನಲ್ಲಿ ಏನಾಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.