ಕ್ಯಾರಿಯರಿನಲ್ಲಿ ಸಿಕ್ಕ ಒಬ್ಬಟ್ಟಿನ ಬಗ್ಗೆ

ಇಂದ:
ಸಿದ್ದಗಂಗಮ್ಮ ಕೋಂ ಮಹಾದೇವಯ್ಯ,
ನಿವೃತ್ತ ದ್ವಿತೀಯ ದರ್ಜೆ ಸಹಾಯಕಿ,
ಗುಬ್ಬಿ.

ಗೆ:
ದೊಡ್ಡ ಸಿಸ್ಟರ್ ಅವರು,
ಗಂಡಸರ ವಾರ್ಡು, ತುಮಕೂರು.

ವಿಷಯ: ಮನೆ ಊಟ ತರದಂತೆ ಅರ್ಜಿದಾರರ ಮೇಲೆ ಹೇರಿರುವ ನಿಷೇಧವನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: ಮೊನ್ನೆ ಸಂಜೆ ತಾವು ಇಡೀ ವಾರ್ಡಿಗೆ ಕೇಳುವಂತೆ ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ,

1. ಅರ್ಜಿದಾರರ ಪತಿ ಮಹಾದೇವಯ್ಯನವರು ಪಿತ್ತಕೋಶದ ಆಪರೇಷನ್ ಆಗಿ ತಮ್ಮ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿರುತ್ತಾರೆ. ಊಟ ಅಂದೇ ಮಾಡಿದ್ದಿರಬೇಕು, ಬಿಸಿಯಿರಬೇಕು, ಮುಚ್ಚಿರಬೇಕು, ಎಣ್ಣೆ-ತುಪ್ಪ ಇರಬಾರದು, ಏನಿದೆಯೆಂದು ಚೀಟಿ ಅಂಟಿಸಿರಬೇಕು ಎಂಬ ತಮ್ಮ ಷರತ್ತುಗಳನ್ನು ಅರ್ಜಿದಾರರು ಚಾಚೂ ತಪ್ಪದೆ ಪಾಲಿಸಿರುತ್ತಾರೆ. ಉಗುರು ಕತ್ತರಿಸಿ, ಸೋಪಿನಲ್ಲಿ ಕೈ ತೊಳೆದು, ಒಗ್ಗರಣೆ ಸೌಟನ್ನು ಅಟ್ಟಕ್ಕೆ ಹತ್ತಿಸಿ, ಹೆಸರುಬೇಳೆ ಕಟ್ಟು, ಮೆತ್ತನೆ ಅನ್ನ ಮಾಡಿ, ಕ್ಯಾರಿಯರನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿರುತ್ತಾರೆ. ಕಂಡಕ್ಟರ್ "ಮಗೀಗೂ ಟಿಕೆಟ್ ಕೊಡ್ಲಾ ಅಮ್ಮಾ?" ಎಂದು ವಿಚಾರಿಸಿರುತ್ತಾರೆ.

2. ಹೀಗಿರುವಲ್ಲಿ, ಅರ್ಜಿದಾರರ ಬೀಗಿತ್ತಿ, ಅಂದರೆ ಮಗಳು ಭೂಮಿಕಾಳ ಅತ್ತೆಯವರು, ಮೊನ್ನೆ ಕುಣಿಗಲ್ಲಿನಿಂದ ಒಂದು ಡಬ್ಬಿ ಒಬ್ಬಟ್ಟಿನೊಂದಿಗೆ ವಾರ್ಡಿಗೆ ಆಗಮಿಸಿದರು. "ಮೈ ಕೊಯ್ಸ್ಕೊಂಡೋರ್ಗೆ ತುಪ್ಪ ಬೇಕು ಕಣ್ರೀ, ಡಾಕ್ಟ್ರುಗೇನ್ ಗೊತ್ತು ಬುಡಿ!" ಎಂದು ಹೇಳಿಕೆ ನೀಡಿದರು. ಬೀಗರು ತಂದದ್ದನ್ನು ಬೇಡವೆನ್ನುವಂತಿಲ್ಲ. ಬೀಗರ ಡಬ್ಬಿಯನ್ನು ಬರಿದಾಗಿ ಕಳಿಸುವಂತೆಯೂ ಇಲ್ಲ. ಕಾರಣ, ಅರ್ಜಿದಾರರು ಒಬ್ಬಟ್ಟನ್ನು ಮನೆಗೆ ಒಯ್ಯುವ ಉದ್ದೇಶದಿಂದ ತಮ್ಮ ಖಾಲಿ ಕ್ಯಾರಿಯರಿಗೆ ವರ್ಗಾಯಿಸಿ, ಡಬ್ಬಿಗೆ ತುಂಬಲು ಕಿತ್ತಳೆ ಹಣ್ಣು ತರಲೆಂದು ಗೇಟಿನ ಹೊರಗೆ ಹೋದರು. ಚೀಟಿ ಕೀಳುವುದನ್ನು ಮರೆತರು.

3. ಸದರಿ ಗೈರುಹಾಜರಿಯಲ್ಲಿ ರೋಗಿಯು ಕ್ಯಾರಿಯರ್ ತೆರೆದರು. "ತಿನ್ನಿ ಬೀಗ್ರೆ, ಇನ್ನೊಂದ್ ತಿನ್ನಿ" ಎಂಬ ಉಪಚಾರವೂ ಬೀಗಿತ್ತಿಯವರಿಂದ ನಡೆಯಿತು. ಎಷ್ಟು ತಿಂದರೆಂದು ರೋಗಿಯು ಇಂದಿಗೂ ಬಾಯಿ ಬಿಟ್ಟಿಲ್ಲ. ಅರ್ಜಿದಾರರು ಹಣ್ಣಿನವನೊಂದಿಗೆ ಚೌಕಾಸಿ ಮುಗಿಸಿ ಬರುವಷ್ಟರಲ್ಲಿ ರೋಗಿ ಹೊಟ್ಟೆ ಹಿಡಿದು ಹೊರಳಾಡುತ್ತಿದ್ದರು.

4. ತಾವು ಧಾವಿಸಿ ಬಂದು ನೋಡಲಾಗಿ, ಕ್ಯಾರಿಯರಿನ ಹೊರಗೆ "ಹೆಸರುಬೇಳೆ ಕಟ್ಟು. ಎಣ್ಣೆ-ತುಪ್ಪ ಇಲ್ಲ. ಸಿದ್ದಗಂಗಮ್ಮ" ಎಂಬ ಚೀಟಿಯೂ, ಒಳಗೆ ತುಪ್ಪದಲ್ಲಿ ಮಿಂದ ಅರ್ಧ ಒಬ್ಬಟ್ಟೂ ಕಂಡುಬಂದವು. "ಏನಮ್ಮಾ ಇದು? ಆಫೀಸಲ್ ಇದ್ದೋರಂತೀರಾ, ಹಿಂಗಾ ಮೋಸ ಮಾಡೋದು? ನಾಳೆಯಿಂದ ನಿಮ್ ಊಟ ಗೇಟ್ ಒಳಗೆ ಬರಂಗಿಲ್ಲ!" ಎಂದು ತಾವು ಆದೇಶಿಸಿದಿರಿ. ಪಕ್ಕದಲ್ಲೇ ನಿಂತಿದ್ದ ಬೀಗಿತ್ತಿಯವರು ಕೆನ್ನೆಗೆ ಕೈಯಿಟ್ಟು, "ಹೌದಲ್ವಾ ಸಿಸ್ಟರೇ, ಉಸಾರಿಲ್ದೋರ್ಗೆ ಯಾರಾದ್ರೂ ಒಬ್ಬಟ್ಟು ಕೊಡ್ತಾರಾ?" ಎಂದರು.

5. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಈ ಪ್ರಕರಣದಲ್ಲಿ ಮೇಕೆ ಅರ್ಜಿದಾರರು. ಕೋತಿ ಯಾರೆಂದು ಅಂದೇ ಹೇಳಬಹುದಿತ್ತು. ಆದರೆ ಮಗಳು ಆ ಮನೆಯಲ್ಲಿ ಬಾಳಬೇಕು. ಅಷ್ಟೂ ಮಂಚದವರು ತಿರುಗಿ ನೋಡಿದಾಗ ಅವಮಾನದಿಂದ ಅರ್ಜಿದಾರರ ಕಣ್ಣಲ್ಲಿ ನೀರು ಬಂದದ್ದನ್ನು ತಾವು ತಪ್ಪಿತಸ್ಥರ ನಾಟಕವೆಂದು ಭಾವಿಸಿದಂತಿದೆ.

6. ರೋಗಿಯು ಈಗ ಆಸ್ಪತ್ರೆಯ ಗಂಜಿಯನ್ನು ಒಂದೆರಡು ಚಮಚಕ್ಕೆ ಸಾಕೆನ್ನುತ್ತಿದ್ದಾರೆ. ಕೆನ್ನೆಗಳು ಒಳಕ್ಕೆ ಹೋಗಿವೆ. ನಿನ್ನೆ, "ನಿನ್ ಕೈ ಕಟ್ಟು ಇಲ್ದೆ ಏನೂ ಇಳೀತಿಲ್ಲ ಕಣೇ" ಎಂದರು. ಮದುವೆಯಾದಂದಿನಿಂದ ಅರ್ಜಿದಾರರ ಅಡುಗೆಗೆ ದೊರೆತ ಪ್ರಥಮ ಪ್ರಶಂಸೆ ಇದಾಗಿದ್ದು, ಅದೇ ಹೊತ್ತಿನಲ್ಲಿ ಅಡುಗೆಗೆ ನಿಷೇಧವಿರುವುದು ಅತೀವ ಸಂಕಟದ ಸಂಗತಿಯಾಗಿರುತ್ತದೆ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ನಿಷೇಧವನ್ನು ಕೂಡಲೇ ತೆರವುಗೊಳಿಸಿ, ನಾಳೆ ಬೆಳಗ್ಗೆಯ ಕಟ್ಟನ್ನು ಒಳಬಿಡಬೇಕೆಂದು ಪ್ರಾರ್ಥನೆ. ಬೇಕಾದರೆ ತಾವೇ ಮೊದಲು ಒಂದು ಚಮಚ ಕುಡಿದು ನೋಡಬಹುದು. ಈ ಅರ್ಜಿಯನ್ನು ಕುಣಿಗಲ್ ಕಡೆಯವರ ಎದುರು ಓದತಕ್ಕದ್ದಲ್ಲ.

ಇಂತಿ ತಮ್ಮ ವಿಶ್ವಾಸಿ, ತುಪ್ಪ ಮುಟ್ಟದ,
ಸಿದ್ದಗಂಗಮ್ಮ

ಲಗತ್ತುಗಳು:
1. ಹೆಸರುಬೇಳೆ ಕಟ್ಟು, ಒಂದು ಲೋಟ (ಬಿಸಿಯಿರುವಾಗಲೇ ಪರಿಶೀಲಿಸುವುದು).
2. ಉಗುರು ಕತ್ತರಿಸಿದ ಕೈಗಳು (ಖುದ್ದು ಹಾಜರುಪಡಿಸಲಾಗುವುದು).

ವಿಶೇಷ ಸೂಚನೆ: ಬೀಗಿತ್ತಿಯವರು ಭಾನುವಾರ ಕಜ್ಜಾಯದೊಂದಿಗೆ ಮತ್ತೆ ಬರುವವರಿದ್ದಾರೆ. ಅವರನ್ನು ಗೇಟಿನಲ್ಲೇ ತಡೆಯಬೇಕು. ತಡೆಯುವವರು ಯೂನಿಫಾರ್ಮಿನಲ್ಲಿರಬೇಕು, ನಮ್ಮ ಮನೆಯವರಾಗಿರಬಾರದು. ವಶಪಡಿಸಿಕೊಂಡ ಕಜ್ಜಾಯವನ್ನು ಎಸೆಯದೆ, ಅವರು ಕುಣಿಗಲ್ ಬಸ್ ಹತ್ತಿದ ನಂತರ ಅರ್ಜಿದಾರರಿಗೆ ಹಸ್ತಾಂತರಿಸುವುದು. ಅರ್ಜಿದಾರರಿಗೆ ಯಾವ ಪಥ್ಯವೂ ಇರುವುದಿಲ್ಲ. ಬೀಗಿತ್ತಿಯವರ ಕೈ ಅಡುಗೆ, ಹೇಳಬಾರದು, ಬಹಳ ಚೆನ್ನಾಗಿರುತ್ತದೆ.